ವಿಜಯಪುರಕ್ಕೆ ಹೊರಟಿದ್ದೀರಾ? ಶುಕ್ರವಾರ ಬೇಡ

ಅವ್ವನಿಗೆ ಗೋಳಗುಮ್ಮಟ ತೋರಿಸಲು ಎರಡು ಸಲ ವಿಜಯಪುರಕ್ಕೆ ಹೋಗಬೇಕಾಯಿತು. ಮೊದಲ ಸಲ ಹೋಗಿದ್ದು ಶುಕ್ರವಾರ. ಗುಮ್ಮಟ ತೆರೆದಿತ್ತು, ಅದರ ಮುಂದಿನ ಮ್ಯೂಸಿಯಂಗೆ ಅಂದು ವಾರದ ರಜೆ. ನೀವು ಬೇರೆ ದಿನ ನೋಡಿಕೊಳ್ಳಿ.

ಎರಡನೇ ಸಲ ಬೆಳ್ಳಂಬೆಳಗ್ಗೆಯೇ ಹೋದೆವು. ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಹತ್ತಿ ಏಳು ಅಂತಸ್ತು ಮೇಲೇರಬೇಕು. ಜಾಗ ಇಕ್ಕಟ್ಟು, ಮೆಟ್ಟಿಲು ಎತ್ತರ. ಅವ್ವ ಅಂತಸ್ತಿಗೊಮ್ಮೆ ನಿಂತು ದಮ್ಮು ತೆಗೆದುಕೊಂಡಳು. ವಯಸ್ಸಾದವರಿದ್ದರೆ ಅವಸರ ಮಾಡಬೇಡಿ.

ಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ಆಗ ಐದಾರು ಜನ ಅಷ್ಟೇ. ಅವ್ವನನ್ನು ಗೋಡೆಗೆ ಕಿವಿ ಹಚ್ಚಿ ಕೂರಿಸಿ, ನಾನು ಸುತ್ತಿಕೊಂಡು ಎದುರು ಬದಿಗೆ ಹೋಗಿ, "ಅವ್ವಾ, ಚಹಾ ಕುಡೀತಿಯೇನು?" ಎಂದು ಮೆಲ್ಲಗೆ ಕೇಳಿದೆ. ಸುಮಾರು 38 ಮೀಟರ್ ಆಚೆಯಿಂದ "ಹೂಂ" ಎಂದದ್ದು ಪಕ್ಕದಲ್ಲೇ ಕೂತು ಹೇಳಿದಂತೆ ಕೇಳಿಸಿತು. ಶಾಲಾ ಮಕ್ಕಳ ಬಸ್ಸು ಬಂದ ಮೇಲೆ ಈ ಸುಖ ಸಿಗುವುದಿಲ್ಲ. ಕೆಳಗಿಳಿದ ಮೇಲೆ ನಡುವೆ ನಿಂತು ತಲೆ ಎತ್ತಿ ನೋಡಿ. ಇಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದೂ ಕಂಬ ಇಲ್ಲ. ಒಂದಕ್ಕೊಂದು ಹೆಣೆದುಕೊಂಡ ಕಮಾನುಗಳೇ ಅದರ ಭಾರ ಹೊತ್ತಿವೆ.

ಮ್ಯೂಸಿಯಂ ಇರುವುದು ಹಳೆಯ ನಗಾರಖಾನೆಯಲ್ಲಿ. ಜಾಸ್ತಿ ಜನ ಅದನ್ನು ದಾಟಿ ಸೀದಾ ಗುಮ್ಮಟಕ್ಕೆ ಹೋಗಿಬಿಡುತ್ತಾರೆ. ಒಳಗೆ ಕನ್ನಡ, ಸಂಸ್ಕೃತ, ಅರಬ್ಬಿ, ಪಾರ್ಸಿ ಶಾಸನಗಳು ಒಂದೇ ಸೂರಿನಡಿ ಇವೆ. ಆದಿಲ್‌ಶಾಹಿ ಕಾಲದ ಚಿತ್ರಗಳು, ಕೈಬರಹಗಳು, ಜಮಖಾನೆಗಳು, ಚೀನಾದ ಪಿಂಗಾಣಿ ಕೂಡ ಉಂಟು. ಒಂದು ಗಂಟೆಯಾದರೂ ಬೇಕು.

ಆಮೇಲೆ ಊರು ಸುತ್ತಲು ಆಟೋ ಅಥವಾ ಟಾಂಗಾ ಹಿಡಿಯಿರಿ. ಹತ್ತುವ ಮೊದಲೇ ಎಲ್ಲೆಲ್ಲಿಗೆ ಎಂದು ಹೇಳಿ ದರ ಮಾತಾಡಿ. ಬಾರಾ ಕಮಾನ್ ಅರ್ಧಕ್ಕೇ ನಿಂತ ಗೋರಿ. ಇದನ್ನು ಕಟ್ಟಿಸುತ್ತಿದ್ದ ಸುಲ್ತಾನ ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ, ಬರಿಯ ಕಮಾನುಗಳು ಉಳಿದವು. ಷೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿನ ಬಾಯಿಯನ್ನು ಹತ್ತಿರದಿಂದ ನೋಡಿ. ತೆರೆದ ಸಿಂಹದ ದವಡೆ, ಅದರಲ್ಲಿ ಸಿಕ್ಕಿಬಿದ್ದ ಆನೆ. 55 ಟನ್ ತೂಕದ ಇದನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ! ಸದ್ಯ, ಆ ಹರಾಜು ರದ್ದಾಯಿತು.

ಊಟಕ್ಕೆ ಖಾನಾವಳಿ ಹುಡುಕಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಿಸಿಲು ಇಳಿಯುವವರೆಗೆ ಸುಮ್ನೆ ನೆರಳಲ್ಲಿ ಕೂರಿ.

ಸಂಜೆಯನ್ನು ಪೂರ್ತಿ ಇಬ್ರಾಹಿಂ ರೋಜಾಕ್ಕೆ, ಅಂದರೆ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿಗೆ ಇಡಿ. ಗೋಳಗುಮ್ಮಟ ದೊಡ್ಡದು, ಆದರೆ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಇಲ್ಲಿನ ಕಲ್ಲಿನ ಕಿಟಕಿಗಳಿಗೆ ಅಕ್ಷರಗಳೇ ಜಾಲರಿ. ಅಕ್ಷರದ ಸುತ್ತಲಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ, ಆ ಸಂದಿಗಳಿಂದ ಬೆಳಕು ಬರುತ್ತದೆ. ಕೌದಿ ಹೊಲಿದು ಪಳಗಿದ ಅವ್ವ ಒಂದು ಕಿಟಕಿಯ ಮುಂದೆ ಬಹಳ ಹೊತ್ತು ನಿಂತಳು. "ಕೊರೆಯೋವಾಗ ಒಂದು ಅಕ್ಷರ ಮುರಿದಿದ್ರ ಎಲ್ಲಾ ಹಾಳಾಗತಿತ್ತಲ್ಲೋ" ಎಂದಳು. ಆಮೇಲೆ ಉಳಿದ ಕಿಟಕಿಗಳನ್ನೂ ಒಂದೊಂದಾಗಿ ನೋಡುತ್ತಾ ಹೋದಳು. ಬಾಗಿಲು ಹಾಕುವ ಹೊತ್ತಾಯಿತೆಂದು ಕಾವಲುಗಾರ ಬಂದು ಹೇಳಬೇಕಾಯಿತು.