ಫುಟ್‌ಬಾಲ್ ಆಡಿದ್ರೆ ಮಕ್ಕಳಿಗೆ ಎಂತ ಸಿಗ್ತದೆ ಮಾಸ್ಟ್ರೇ?

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ತರಕಾರಿ ತಗೊಳ್ಳುವಾಗ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ಎಲ್ಲಿ ಹೋದರೂ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. "ಮಾಸ್ಟ್ರೇ, ಸಂಜೆ ಬಂದು ನಾಲ್ಕು ಅಡಿಕೆ ಹೆಕ್ಕುವ ಹೊತ್ತಿಗೆ ಇವ ನಿಮ್ಮ ಗ್ರೌಂಡಲ್ಲಿ ಚೆಂಡು ಒದೀತಾ ಇರ್ತಾನೆ. ಅದರಿಂದ ಇವನಿಗೆ ಎಂತ ಸಿಗ್ತದೆ?" ಕೆಲವರು ಇನ್ನೂ ನೇರ: "ಎಸ್ಸೆಸ್ಸೆಲ್ಸಿಗೆ ಗ್ರೇಸ್ ಮಾರ್ಕ್ ಉಂಟಾ?"

ಗ್ರೇಸ್ ಮಾರ್ಕ್ ಇರುವುದು ರಾಜ್ಯಮಟ್ಟದವರೆಗೆ ಹೋಗುವ ಕೆಲವೇ ಮಕ್ಕಳಿಗೆ. ನಮ್ಮದೇ ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಫಿ 2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ತಲೆಯಲ್ಲಿ ಗೋಲು ಹೊಡೆದಾಗ ನಾನೂ ಕುಣಿದವನೇ. ಆದರೆ ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದಿಲ್ಲ. ಅವರಿಗಾಗಿ ನನ್ನ ಉತ್ತರ ಒಂದೇ. ಚೆಂಡು ಕಳಕೊಂಡ ಮೇಲೆ ತಿರುಗಿ ಓಡುವುದನ್ನು ಅವರು ಕಲಿಯುತ್ತಾರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ರಿಕೆಟ್‌ನಲ್ಲಿ ಔಟಾದವನು ಹೊರಗೆ ಬಂದು ಕೂರುತ್ತಾನೆ. ಕಬಡ್ಡಿಯಲ್ಲೂ ಹಾಗೇ. ಬೇಜಾರು ಮಾಡಲು ಸಮಯ ಇರುತ್ತದೆ. ಫುಟ್‌ಬಾಲ್‌ನಲ್ಲಿ ಆ ಪುರುಸೊತ್ತಿಲ್ಲ. ಮಗುವಿನ ಕಾಲಿಂದ ತಪ್ಪಿದ ಚೆಂಡು ಆಗಲೇ ಅದರದೇ ಗೋಲಿನ ಕಡೆ ಹೊರಟಿರುತ್ತದೆ. ಅಳು ಬಂದರೂ, ಸಿಟ್ಟು ಬಂದರೂ ಓಡುತ್ತಾ ಇರಬೇಕು.

ಐದನೇ ಕ್ಲಾಸಿನ ಒಬ್ಬ ಹುಡುಗ ಇದ್ದ. ಇಬ್ಬರನ್ನು ದಾಟಿ ಹೋಗುವುದೆಂದರೆ ಅವನಿಗೆ ನೀರು ಕುಡಿದ ಹಾಗೆ. ಆದರೆ ಚೆಂಡು ಹೋಯಿತೋ, ಸೊಂಟಕ್ಕೆ ಕೈ ಇಟ್ಟು ನಿಂತುಬಿಡುತ್ತಿದ್ದ. ಪಾಸ್ ಕೊಟ್ಟವನ ಮುಖ ನೋಡುತ್ತಿದ್ದ, ಆಮೇಲೆ ನೆಲ ನೋಡುತ್ತಿದ್ದ. ನಮ್ಮದು ಮುರಕಲ್ಲಿನ ಗ್ರೌಂಡು, ಚೆಂಡು ಎತ್ತ ಪುಟಿಯುತ್ತದೆ ಅಂತ ಹೇಳಲಿಕ್ಕಾಗದು. ತಪ್ಪನ್ನು ನೆಲದ ಮೇಲೆ ಹಾಕುವುದು ಸುಲಭ. ಅಷ್ಟರಲ್ಲಿ ಹಿಂದೆ ಗೋಲು ಆಗಿರುತ್ತಿತ್ತು.

ಅವನನ್ನು ಬೈಯಲಿಲ್ಲ. ಎಲ್ಲರಿಗೂ ಸೇರಿಸಿ ಒಂದು ನಿಯಮ ಮಾಡಿದೆ. ಚೆಂಡು ಕಳಕೊಂಡವನು ಐದು ಎಣಿಸುವವರೆಗೆ ಅದರ ಹಿಂದೆ ಓಡಬೇಕು. ಸಿಕ್ಕಿದರೂ ಸರಿ, ಸಿಗದಿದ್ದರೂ ಸರಿ. ಉಳಿದವರು ಗಟ್ಟಿಯಾಗಿ ಎಣಿಸಬೇಕು. ಒಂದು ದಿನ ಕನ್ನಡದಲ್ಲಿ, ಒಂದು ದಿನ ಮಲಯಾಳದಲ್ಲಿ, ಒಂದು ದಿನ ತುಳುವಿನಲ್ಲಿ: ಒಂಜಿ, ರಡ್ಡ್, ಮೂಜಿ, ನಾಲ್, ಐನ್. ಮಕ್ಕಳಿಗೆ ಇದೇ ಒಂದು ಆಟವಾಯಿತು. ತಿಂಗಳುಗಟ್ಟಲೆ ಎಣಿಸಿದೆವು.

ಆಟಿ ತಿಂಗಳ ಮಳೆಯಲ್ಲಿ ಒಂದು ಮ್ಯಾಚು. ಆ ಹುಡುಗ ಎದುರಿನವರ ಗೋಲಿನ ಹತ್ತಿರವೇ ಚೆಂಡು ಬಿಟ್ಟುಕೊಟ್ಟ. ಯಾರೂ ಎಣಿಸಲಿಲ್ಲ. ಅವನು ತಿರುಗಿದ. ಇಡೀ ಗ್ರೌಂಡ್ ಓಡಿ, ಕೆಂಪು ನೀರಿನಲ್ಲಿ ಜಾರಿಕೊಂಡೇ ಬಂದು, ಅಡಿಕೆ ಮರದ ನಮ್ಮ ಗೋಲ್‌ಪೋಸ್ಟಿನ ಪಕ್ಕದಿಂದ ಚೆಂಡನ್ನು ಹೊರಗೆ ತಳ್ಳಿದ. ಎದುರಿನವರಿಗೆ ಕಾರ್ನರ್ (ಮೂಲೆಯಿಂದ ಒದೆಯುವ ಅವಕಾಶ) ಸಿಕ್ಕಿತು, ಅಷ್ಟೇ. ಚಪ್ಪಾಳೆ ಬರಲಿಲ್ಲ. ಅವನು ಎದ್ದು, ಕಣ್ಣಿನ ಕೆಸರು ಅಂಗಿಯ ತೋಳಿಗೆ ಒರೆಸಿ, ಅವರ ಎತ್ತರದ ಹುಡುಗನನ್ನು ತಡೆಯಲು ಅವನ ಪಕ್ಕ ಹೋಗಿ ನಿಂತ. ನನಗೆ ಗಂಟಲು ಕಟ್ಟಿತು.

ಚಿಕ್ಕ ಮಕ್ಕಳಿಗೆ ಹನ್ನೊಂದು ಜನರ ಆಟಕ್ಕಿಂತ ಸೆವೆನ್ಸ್ ಒಳ್ಳೆಯದು ಅಂತ ನಾನು ಹೇಳುವುದೂ ಇದಕ್ಕೇ. ಮಲಬಾರಿನಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಬೆಳೆದ ಆಟ ಅದು. ಏಳೇ ಜನ, ಸಣ್ಣ ಜಾಗ. ಪ್ರತಿ ಮಗುವಿನ ಕಾಲಿಗೂ ಚೆಂಡು ಜಾಸ್ತಿ ಸಲ ಬರುತ್ತದೆ. ಮೂಲೆಯಲ್ಲಿ ಸುಮ್ನೆ ನಿಂತು ಸಮಯ ಕಳೆಯಲಿಕ್ಕಾಗುವುದಿಲ್ಲ. ಬೇಕಾದರೆ ಕೂಗಿ ಕೇಳಲೇಬೇಕು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡದ ಮಗು ಹದಿನೈದು ದಿನದಲ್ಲಿ ಚೆಂಡು ಕೊಡು ಅನ್ನಲು ತುಳುವಿನಲ್ಲಿ "ಕೊರ್ಲ" ಅನ್ನುತ್ತದೆ, ಮಲಯಾಳದಲ್ಲಿ "ತಾ" ಅನ್ನುತ್ತದೆ. ಏಳು ಭಾಷೆಯ ನಾಡು ಅಂತ ಕಾಸರಗೋಡನ್ನು ಭಾಷಣದಲ್ಲಿ ಹೊಗಳುತ್ತೇವೆ. ಗ್ರೌಂಡಿನಲ್ಲಿ ಮಕ್ಕಳಿಗೆ ಅದು ಚೆಂಡು ಪಡೆಯುವ ದಾರಿ.

ಇನ್ನು ಸಿಟ್ಟು. ಕೆಂಪು ಕಾರ್ಡ್ ಸಿಕ್ಕಿ ಹೊರಗೆ ಹೋದವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಹಾಗಿಲ್ಲ. ಒಬ್ಬನ ಕೋಪಕ್ಕೆ ಉಳಿದವರೆಲ್ಲ ಒಬ್ಬ ಕಡಿಮೆ ಇಟ್ಟುಕೊಂಡು ಓಡಬೇಕು. ಹೊರಗೆ ಕೂತ ಮಗು ಅದನ್ನು ಕಣ್ಣಾರೆ ನೋಡುತ್ತದೆ. ನನ್ನ ಉಪದೇಶ ಅಲ್ಲಿ ಬೇಕಿಲ್ಲ.

ಪ್ರಾಮಾಣಿಕತೆ ಬಗ್ಗೆ ಮಾತು ಬಂದಾಗ ಮಾತ್ರ ಒಂದು ಕಥೆ ಹೇಳುತ್ತೇನೆ. ಜರ್ಮನಿಯ ಮಿರೊಸ್ಲಾವ್ ಕ್ಲೋಸೆ 2012ರಲ್ಲಿ ಇಟಲಿಯ ಲಾಜಿಯೋ ತಂಡಕ್ಕೆ ಆಡುತ್ತಿದ್ದ. ನಾಪೋಲಿ ವಿರುದ್ಧದ ಮ್ಯಾಚಿನಲ್ಲಿ ಚೆಂಡು ಅವನ ಕೈಗೆ ತಾಗಿ ಒಳಗೆ ಹೋಯಿತು. ರೆಫರಿ ಗೋಲು ಕೊಟ್ಟರು. ಕ್ಲೋಸೆ ಅವರ ಹತ್ತಿರ ಹೋಗಿ ಕೈಗೆ ತಾಗಿದೆ ಅಂದ. ಗೋಲು ರದ್ದಾಯಿತು, ಲಾಜಿಯೋ 3-0ರಿಂದ ಸೋತಿತು. ಕಥೆ ಮುಗಿದ ಕೂಡಲೇ "ಸೋತರಾ?" ಅಂತ ಮಕ್ಕಳು ಕೇಳುತ್ತಾರೆ. ಹೌದು, ಸೋತರು ಅನ್ನುತ್ತೇನೆ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಬಾರದು.

ಒಂದು ಮಾತು ಹೆತ್ತವರಿಗೆ. ಚೆಂಡು ಕೊಟ್ಟು ಬಿಟ್ಟರೆ ಗುಣ ತಾನಾಗಿ ಬರುವುದಿಲ್ಲ. ಇದೇ ಆಟ ಮಗುವಿಗೆ ಮೋಸ ಕಲಿಸಬಹುದು, ಭಯ ಕಲಿಸಬಹುದು. ಮೊದಲ ವರ್ಷ ನಾನೂ ಗೆರೆಯ ಹೊರಗೆ ನಿಂತು ಕೂಗುತ್ತಿದ್ದೆ. ಚೆಂಡು ತಪ್ಪಿದ ಮಕ್ಕಳು ಚೆಂಡನ್ನು ನೋಡುವ ಬದಲು ನನ್ನ ಮುಖ ನೋಡುತ್ತಿದ್ದರು. ಅದು ಗೊತ್ತಾದ ದಿನ ಬಾಯಿ ಮುಚ್ಚಿದೆ. ಈಗ ನಮ್ಮಲ್ಲಿ ಚೆನ್ನಾಗಿ ಆಡುವವನಿಗೂ, ಈಗಷ್ಟೇ ಬಂದವನಿಗೂ ಅರ್ಧ ಅರ್ಧ ಹೊತ್ತು ಆಟ. ಹೀಗೆ ಮಾಡಿ ಕೆಲವು ಮ್ಯಾಚು ಸೋತಿದ್ದೇವೆ. ಆದರೂ ಬದಲಿಸುವುದಿಲ್ಲ. ಬೆಂಚಿನ ಮೇಲೆಯೇ ಕೂತ ಮಗು ತಿರುಗಿ ಓಡುವುದನ್ನು ಎಲ್ಲಿ ಕಲಿಯಬೇಕು, ಅಲ್ವಾ?

ಹಾಗಾಗಿ ಕರ್ಕೊಂಡು ಬನ್ನಿ, ಹೆಣ್ಣು ಮಕ್ಕಳನ್ನೂ. ಬೂಟು ಆಮೇಲೆ ನೋಡೋಣ, ಒಂದು ಬಾಟ್ಲಿ ನೀರು ಸಾಕು. ಅಡಿಕೆ ಹೆಕ್ಕುವ ಕೆಲಸ ಇದ್ದರೆ ಅದು ಮುಗಿಸಿಯೇ ಬರಲಿ, ಐದು ಗಂಟೆಯವರೆಗೆ ಕಾಯುತ್ತೇನೆ. ನೀವು ಆ ಕಡೆ ಗೋಳಿಮರದ ಕಟ್ಟೆಯಲ್ಲಿ ಕೂತು ನೋಡಿ. ಮಗು ಚೆಂಡು ಕಳಕೊಂಡಾಗ ಏನೂ ಹೇಳಬೇಡಿ. ಬೇಕಾದರೆ ಐದರವರೆಗೆ ಎಣಿಸಿ.