ನೋಟರ್ ಡೇಮ್ ಚಾಂಪಿಯನ್ ಆಗಿದ್ದು ಎಷ್ಟು ಸಲ?

ಅಮೆರಿಕನ್ ಫುಟ್‌ಬಾಲ್ ನೋಡಲು ಶುರುಮಾಡಿದವರು ತಪ್ಪದೆ ಕೇಳುವ ಪ್ರಶ್ನೆ ಇದು. ಇಂಡಿಯಾನಾದ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡ ಎಷ್ಟು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದೆ? ಒಂದು ಕಡೆ 11 ಅಂತಿರುತ್ತದೆ, ಇನ್ನೊಂದು ಕಡೆ ಅದಕ್ಕಿಂತ ಜಾಸ್ತಿ.

ನನ್ನ ಉತ್ತರ 11. ವಿಶ್ವವಿದ್ಯಾಲಯ ಹೇಳಿಕೊಳ್ಳುವುದೂ ಅಷ್ಟೇ: 1924, 1929, 1930, 1943, 1946, 1947, 1949, 1966, 1973, 1977, 1988. ಲೆಕ್ಕ ಏರುಪೇರಾಗುವುದು ಯಾಕೆಂದರೆ, ಕಾಲೇಜು ಫುಟ್‌ಬಾಲಿನ ಮೇಲಿನ ಹಂತದಲ್ಲಿ ಬಹುಕಾಲ ಫೈನಲ್ ಅನ್ನುವುದೇ ಇರಲಿಲ್ಲ. 1936ರಿಂದ ಎಪಿ ಸುದ್ದಿಸಂಸ್ಥೆಯ ಪತ್ರಕರ್ತರ ಮತ, 1950ರಿಂದ ಕೋಚ್‌ಗಳ ಮತ, ಇವುಗಳ ಜೊತೆಗೆ ಗಣಿತದ ಸೂತ್ರ ಹಾಕಿ ತಯಾರಿಸಿದ ಪಟ್ಟಿಗಳು. ಯಾರ ಪಟ್ಟಿ ಹಿಡಿದರೆ ಅವರ ಚಾಂಪಿಯನ್. ನಾಲ್ಕು ತಂಡಗಳ ಪ್ಲೇಆಫ್ ಬಂದಿದ್ದು 2014ರಲ್ಲಿ.

ಮೊದಲ ಮೂರು ಕಿರೀಟ ನೂಟ್ ರಾಕ್ನಿ ಕೋಚ್ ಆಗಿದ್ದಾಗಿನವು. ಆ ಮೂರು ವರ್ಷ ಸೇರಿ 29 ಆಟ, 29 ಗೆಲುವು.

ಜಗಳವೆಲ್ಲ 1966ರದ್ದು. ನವೆಂಬರ್ 19ರಂದು ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಒಂದನೇ ಸ್ಥಾನದ ನೋಟರ್ ಡೇಮ್, ಎರಡನೇ ಸ್ಥಾನದ ಮಿಶಿಗನ್ ಸ್ಟೇಟ್ ಎದುರಾದವು. ನೋಟರ್ ಡೇಮ್‌ನಲ್ಲಿ ಚೆಂಡು ಹಿಡಿದು ಓಡುವ ನಿಕ್ ಎಡ್ಡಿ ಗಾಯಗೊಂಡು ಆಡಲೇ ಇಲ್ಲ. ದಾಳಿ ನಡೆಸಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಟೆರಿ ಹ್ಯಾನ್ರಾಟಿ ಮೊದಲ ಭಾಗದಲ್ಲೇ ಭುಜಕ್ಕೆ ಪೆಟ್ಟು ತಿಂದು ಹೊರಬಿದ್ದ. ಬದಲಿಗೆ ಇಳಿದ ಕೋಲಿ ಒಬ್ರೈನ್ ಮಧುಮೇಹಿ. 10-0 ಹಿಂದಿದ್ದ ತಂಡ 10-10ಕ್ಕೆ ಬಂತು. ಕೊನೆಯ ನಿಮಿಷದಲ್ಲಿ ಚೆಂಡು ತಮ್ಮದೇ ಅಂಗಳದಲ್ಲಿದ್ದಾಗ ಕೋಚ್ ಆರಾ ಪಾರ್ಸಿಗಿಯನ್ ದೂರದ ಪಾಸ್‌ಗೆ ಕೈಹಾಕದೆ ಹೆಚ್ಚಾಗಿ ಓಡಿಸಿಯೇ ಸಮಯ ಕಳೆದರು. ಹೇಡಿತನ ಅಂತ ಇಂದಿಗೂ ಬೈಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಪಾಸ್ ಎದುರಾಳಿಯ ಕೈಸೇರಿದ್ದರೆ ಒಂದು ಕಿಕ್‌ನಲ್ಲಿ ಇಡೀ ಸೀಸನ್ ಹೋಗುತ್ತಿತ್ತು. ಮಿಶಿಗನ್ ಸ್ಟೇಟ್‌ಗೆ ಅದೇ ಕಡೆಯ ಆಟ, ನೋಟರ್ ಡೇಮ್‌ಗೆ ಇನ್ನೊಂದು ಉಳಿದಿತ್ತು. ಮುಂದಿನ ವಾರ ಸದರ್ನ್ ಕ್ಯಾಲಿಫೋರ್ನಿಯಾವನ್ನು 51-0ರಿಂದ ಬಡಿದರು. ಎರಡೂ ಮತಗಳಲ್ಲಿ ಮೊದಲ ಸ್ಥಾನ ಅವರದಾಯಿತು. ಮಿಶಿಗನ್ ಸ್ಟೇಟ್ ಕೂಡ ಆ ವರ್ಷವನ್ನು ತನ್ನದೆನ್ನುತ್ತದೆ.

1973ರದ್ದು ಇನ್ನೂ ವಿಚಿತ್ರ. ಕೋಚ್‌ಗಳು ಸೀಸನ್ ಕೊನೆಗೆ ಆಹ್ವಾನಿತ ತಂಡಗಳು ಆಡುವ ಬೌಲ್ ಪಂದ್ಯಗಳಿಗೆ ಮುಂಚೆಯೇ ಮತ ಹಾಕಿ ಅಲಬಾಮಾವನ್ನು ಚಾಂಪಿಯನ್ ಮಾಡಿಬಿಟ್ಟಿದ್ದರು. ಡಿಸೆಂಬರ್ 31ರ ಶುಗರ್ ಬೌಲ್‌ನಲ್ಲಿ ಅದೇ ಅಲಬಾಮಾವನ್ನು ನೋಟರ್ ಡೇಮ್ 24-23ರಿಂದ ಸೋಲಿಸಿತು. ಕೊನೆಯಲ್ಲಿ ನೋಟರ್ ಡೇಮ್ ತನ್ನ ಗೋಲ್ ಲೈನಿಗೆ ಬೆನ್ನು ತಾಗುವಷ್ಟು ಹಿಂದೆ ನಿಂತಿದ್ದಾಗ ಟಾಮ್ ಕ್ಲೆಮೆಂಟ್ಸ್ ಎಸೆದ ಚೆಂಡನ್ನು ರಾಬಿನ್ ವೆಬರ್ ಹಿಡಿದ. 35 ಗಜ, ಆಟ ಮುಗಿದಂತೆಯೇ. ಆಟದ ನಂತರ ಮತ ಹಾಕಿದ ಎಪಿ ನೋಟರ್ ಡೇಮ್ ಎಂದಿತು. ಅಲಬಾಮಾ ತನ್ನ ಪಟ್ಟಿಯಲ್ಲಿ ಇಂದಿಗೂ 1973ನ್ನು ಇಟ್ಟುಕೊಂಡಿದೆ. ಮರುವರ್ಷದಿಂದ ಕೋಚ್‌ಗಳೂ ಬೌಲ್ ಮುಗಿದ ಮೇಲೆಯೇ ಮತ ಹಾಕತೊಡಗಿದರು.

11ನ್ನು ದಾಟಿಸುವವರು 1938, 1993ರಂಥ ವರ್ಷಗಳನ್ನು ಸೇರಿಸುತ್ತಾರೆ. 1993ರಲ್ಲಿ ಫ್ಲೋರಿಡಾ ಸ್ಟೇಟನ್ನು 31-24ರಿಂದ ಗೆದ್ದ ತಂಡ, ಮುಂದಿನ ವಾರವೇ ಬಾಸ್ಟನ್ ಕಾಲೇಜಿಗೆ 41-39ರಿಂದ ಸೋತಿತು. ಎಪಿ ಕಿರೀಟ ಫ್ಲೋರಿಡಾ ಸ್ಟೇಟ್‌ಗೆ ಹೋಯಿತು. ಆ ವರ್ಷ ತನ್ನದೆಂದು ನೋಟರ್ ಡೇಮ್ ಹೇಳಿಕೊಳ್ಳುವುದಿಲ್ಲ.