ಒಂಬೈನೂರರಿಂದ ಭಾಗಿಸುವ ಪೋರ್ಟಲ್

ನಮ್ಮ ಟ್ರಾವೆಲ್ ಡೆಸ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಕಂಪನಿಯೊಂದರ ಪಾಲಿಸಿಯಂತೆ, ಹಾರಾಟ 16 ಗಂಟೆ ಮೀರಿದರೆ ಬಿಸಿನೆಸ್ ಕ್ಲಾಸ್, ಇಲ್ಲವಾದರೆ ಎಕಾನಮಿ. ಪಾಲಿಸಿಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅವರ ಅಪ್ರೂವಲ್ ಪೋರ್ಟಲ್ ಗಂಟೆಗಳನ್ನು ಲೆಕ್ಕ ಹಾಕುವ ರೀತಿಯ ಬಗ್ಗೆ: ಎರಡು ನಿಲ್ದಾಣಗಳ ನಡುವಿನ ನೇರ ದೂರವನ್ನು ಅದು ಗಂಟೆಗೆ 900 ಕಿ.ಮೀ. ವೇಗವೆಂದು 900ರಿಂದ ಭಾಗಿಸುತ್ತದೆ, ಅಷ್ಟೇ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿ.ಮೀ.; ಹಾಗಾಗಿ ಪೋರ್ಟಲ್ ಪ್ರಕಾರ ಹೋಗಲೂ ಬರಲೂ ಹದಿನೈದೂವರೆ ಗಂಟೆ.

ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಪೋರ್ಟಲಿನ ಲೆಕ್ಕದಲ್ಲಿಲ್ಲ. ಪೆಸಿಫಿಕ್ ಮೇಲೆ ಪೂರ್ವಾಭಿಮುಖವಾಗಿ ಹೋಗುವ ವಿಮಾನಕ್ಕೆ ಆ ಗಾಳಿ ಹಿಂದಿನಿಂದ ನೆರವಾಗುವುದರಿಂದ ಹೋಗುವ ಪ್ರಯಾಣ ಹೆಚ್ಚುಕಡಿಮೆ 16 ಗಂಟೆಯಲ್ಲಿ ಮುಗಿಯುತ್ತದೆ. ವಾಪಸು ನೇರವಾಗಿ ಬರಲು ಮಾತ್ರ 17 ಗಂಟೆ ದಾಟುತ್ತದೆ. 2021ರ ಜನವರಿಯಲ್ಲಿ ಉತ್ತರ ಧ್ರುವದ ಮೇಲೆ ಹಾರಿ ಬಂದ ಏರ್ ಇಂಡಿಯಾದ ಮೊದಲ ವಿಮಾನಕ್ಕೂ ಅಷ್ಟೇ ಹಿಡಿದಿತ್ತು.

ಆ ಚಳಿಗಾಲದಲ್ಲಿ, ಬೆನ್ನುನೋವಿನ ಹಿರಿಯ ಎಂಜಿನಿಯರ್ ಒಬ್ಬರ ವಾಪಸು ಪ್ರಯಾಣದ ಬಿಸಿನೆಸ್ ಕ್ಲಾಸ್ ಸೀಟನ್ನು ಪೋರ್ಟಲ್ ತಿರಸ್ಕರಿಸಿತು. ಟಿಟಿಎಲ್, ಅಂದರೆ ಟಿಕೆಟ್ ಇಶ್ಯೂ ಮಾಡಲು ಇರುವ ಗಡುವು, ಇದ್ದುದು ಸಂಜೆ 6ಕ್ಕೆ. ಫೈನಾನ್ಸ್ ಮ್ಯಾನೇಜರ್ ಫೋನಿಗೆ ಸಿಕ್ಕಿದ್ದು ಐದೂಮುಕ್ಕಾಲಿಗೆ.

"ಹೋಗುವಾಗಿನ ದೂರವೇ ತಾನೇ ಮೇಡಂ ಬರುವಾಗಲೂ?"

ರಾತ್ರಿ 9ಕ್ಕೆ ಹೊರಟು ಮೂರನೆಯ ದಿನ ಬೆಳಗಿನ ಜಾವ 4ಕ್ಕೆ ಇಳಿಯುತ್ತದೆ ಎಂದು ಶೆಡ್ಯೂಲ್ ಓದಿ ಹೇಳಿದೆ. ಅವರು ಥಟ್ಟನೆ ಎಣಿಸಿ, "ಅಂದರೆ 31 ಗಂಟೆಯೇ?" ಎಂದರು. ಎರಡೂ ಊರುಗಳ ಗಡಿಯಾರಗಳ ನಡುವೆ ಚಳಿಗಾಲದಲ್ಲಿರುವ ಹದಿಮೂರೂವರೆ ಗಂಟೆಯ ಅಂತರವನ್ನು ಕಳೆದು ಹದಿನೇಳೂವರೆಗೆ ತರುವಷ್ಟರಲ್ಲಿ ಐದು ನಿಮಿಷ ಕಳೆದಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ದೂರಕ್ಕೂ ಸಮಯಕ್ಕೂ ನೇರ ಸಂಬಂಧವಿಲ್ಲ ಎಂದು ಪಕ್ಕಾ ಮಾಡುವ ಹುರುಪಿನಲ್ಲಿ, 2016ರ ಅಕ್ಟೋಬರಿನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿದಾಗ ದಾರಿ ಸುಮಾರು 1,400 ಕಿ.ಮೀ. ಹೆಚ್ಚಾದರೂ ಪ್ರಯಾಣ ಹತ್ತಿರಹತ್ತಿರ ಎರಡು ಗಂಟೆ ಕಡಿಮೆಯಾಗಿದ್ದನ್ನು ವಿವರಿಸಿದೆ.

"ಹಾಗಾದರೆ ನಮ್ಮವರನ್ನೂ ಆ ದಾರಿಯಲ್ಲೇ ಕರೆತರಲು ಹೇಳಿ."

ಆ ದಾರಿಯಲ್ಲಿ ವಾಪಸು ಬಂದರೆ ಅದೇ ಗಾಳಿ ಎದುರಾಗುತ್ತದೆ ಎಂದು ತಿಳಿಸಿ ಹೇಳಲು ಪುರುಸೊತ್ತಿರಲಿಲ್ಲ. ಹೇಳಿದ್ದರೆ ಇನ್ನೊಂದು ಪ್ರಶ್ನೆ ಬರುತ್ತಿತ್ತು. ಮಾತು ನಿಲ್ಲಿಸಿ, ಜಿಡಿಎಸ್ (ಏಜೆಂಟರು ಟಿಕೆಟ್ ಬುಕ್ ಮಾಡುವ ವ್ಯವಸ್ಥೆ) ಪರದೆಯಲ್ಲಿ ಪ್ರಯಾಣದ ಒಟ್ಟು ಅವಧಿ ಇರುವ ಸಾಲಿನ ಚಿತ್ರವನ್ನು ಕಳುಹಿಸಿದೆ. ಅದನ್ನು ನೋಡಿ ಅವರು ಮರುಮಾತಿಲ್ಲದೆ 'ವಿಶೇಷ ಅನುಮತಿ' ಎಂದು ಒಪ್ಪಿಗೆ ಒತ್ತಿದರು. ಗಡುವಿಗೆ ಮುನ್ನ ಟಿಕೆಟ್ ಇಶ್ಯೂ ಆಯಿತು. ಪಾಲಿಸಿಯೇ ಕೊಡುವ ಸೀಟಿಗೆ ವಿಶೇಷ ಅನುಮತಿ ಏಕೆ ಬೇಕು ಎಂಬುದು ನನಗಿನ್ನೂ ಅರ್ಥವಾಗಿಲ್ಲ.

ಈಗ ಹೋಗುವ, ಬರುವ ಅವಧಿಗಳ ಚಿತ್ರಗಳನ್ನು ವಿನಂತಿಯ ಜೊತೆಗೇ ಲಗತ್ತಿಸುತ್ತೇನೆ, ವಿವರಣೆ ಬರೆಯುವುದಿಲ್ಲ. ಪೋರ್ಟಲ್ ತಂಡಕ್ಕೆ ಕೊಟ್ಟ ದೂರಿಗೆ "ಸೂತ್ರ ಸರಿಯಾಗಿಯೇ ಕೆಲಸ ಮಾಡುತ್ತಿದೆ" ಎಂಬ ಉತ್ತರ ಬಂದಿದೆ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಎಷ್ಟೋ ವಿಮಾನಗಳು ಸುತ್ತಿ ಹೋಗಬೇಕಾಗಿ ಬಂದಾಗಲೂ ಅದು 900ರಿಂದಲೇ ಭಾಗಿಸುತ್ತಿತ್ತು.